ಅಂಗೈ ತೋರಿಸಿ, ಅಂಗಾಲು ತೋರಿಸಿ

ಮೊದಲೇ ಹೇಳಿಬಿಡುತ್ತೇನೆ, ಬೇರೆಯವರ ಬಾಯಲ್ಲಿ ಕೇಳಿ ನೀವು ನಗುವುದು ಬೇಡ. ಒಬ್ಬ ಹೆಣ್ಣುಮಗಳ ಅಂಗೈಯನ್ನು ಮೊಬೈಲಿನ ಪರದೆಯಲ್ಲಿ ನೋಡಿ, ಅಲ್ಲಿದ್ದ ಕಾಯಿಲೆಯನ್ನು ಬಿಟ್ಟು ಮೇಲಿದ್ದ ಮದರಂಗಿಯನ್ನು ಹೊಗಳಿದ ಮಹಾನುಭಾವ ನಾನೇ. ಹೊಗಳಿದ್ದು ಸಾಲದು ಅಂತ "ಇಷ್ಟು ಕೆಂಪು ಬಂದಿದೆ ಅಂದರೆ ಅತ್ತೆಗೆ ನಿಮ್ಮ ಮೇಲೆ ಭಾರೀ ಪ್ರೀತಿ" ಎಂದು ಒಗ್ಗರಣೆಯನ್ನೂ ಹಾಕಿದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರೆ. ಕನ್ನಡಿ ಬೇಡ, ನಿಜ. ಕಣ್ಣು ಬೇಕಲ್ಲ?

ಈಗ ನಾನು ನಿವೃತ್ತ. ತಲೆಯಲ್ಲಿ ಒಂದೂ ಬಿಳಿ ಕೂದಲಿಲ್ಲ, ಡೊಂಬಿವಿಲಿಯಲ್ಲಿ ಓಡುವ ಲೋಕಲ್ಲನ್ನು ಈಗಲೂ ಹಿಡಿಯಬಲ್ಲೆ, ಆದರೂ ನಿವೃತ್ತ. ನಮ್ಮದು ಪ್ರಯೋಗದ ನೌಕರಿ. ಸಂಶೋಧನೆ ಮುಗಿದರೆ ನೌಕರಿಯೂ ಮುಗಿಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ ನಮಗಿಲ್ಲ. ಒಂದು ಬೆಳಿಗ್ಗೆ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ನಡೆಯುವುದಿಲ್ಲ, ಅದೇ ಸನ್ಮಾನ. ಸದ್ಯಕ್ಕೆ ಠಾಕುರ್ಲಿ ಸ್ಟೇಶನ್ನಿನ ಹೊರಗೆ ಅಪ್ಪನ ಉಡುಪಿ ಹೊಟೇಲಿನ ಗಲ್ಲೆಯ ಮೇಲೆ ಕೂತಿದ್ದೇನೆ. ಮೊನ್ನೆ ಒಬ್ಬ ಗಿರಾಕಿ ಚಿಲ್ಲರೆಗೆಂದು ಕೈ ಚಾಚಿದರು. ನಾನು ಆ ಅಂಗೈಯನ್ನು ಹಿಡಿದು ಟ್ಯೂಬ್‌ಲೈಟಿನ ಕಡೆಗೆ ತಿರುಗಿಸಿಬಿಟ್ಟೆ. ಅವರು ಕೈ ಕಿತ್ತುಕೊಂಡು, "ಕಾಯ್ ರೇ, ಜ್ಯೋತಿಷಿ ಝಾಲಾಸ್ ಕಾ?" ಅಂದರು, ಏನೋ, ಜ್ಯೋತಿಷಿ ಆದೆಯಾ ಅಂತ. ಒಳಗಿನಿಂದ ಅಪ್ಪ, "ಎಂತ ಮಾರಾಯ, ಚಿಲ್ಲರೆ ಕೊಡು, ಪಾಣಿಗ್ರಹಣ ಬೇಡ" ಅಂದರು.

ನಕ್ಕೆ. ಆದರೆ ಹೊಟೇಲಿನ ಗದ್ದಲದ ನಡುವೆ ಒಂದು ಕ್ಷಣ ಆ ವಾರ್ಡಿನ ಸ್ಪಿರಿಟ್ ವಾಸನೆ ಮೂಗಿಗೆ ಬಂದ ಹಾಗಾಯಿತು. ನಾನು ಆಸ್ಪತ್ರೆಯಲ್ಲಿ ಮಾಡುತ್ತಿದ್ದಂಥದೇ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಅದೇ ವಾರ ಫೋನು ಮಾಡಿ, "ಸರ್, ನಿಜಕ್ಕೂ ಈ ಕೆಲಸ ಹೇಗಿರುತ್ತೆ?" ಎಂದು ಕೇಳಿದಳು. ಸಂದರ್ಶನದಲ್ಲಿ ಹೇಳುವ ಉತ್ತರ ಆಕೆಗೆ ಗೊತ್ತಿರುತ್ತದೆ. ಉಳಿದದ್ದನ್ನು ಬರೆಯುತ್ತಿದ್ದೇನೆ.

ಆಸ್ಪತ್ರೆ ನವಿ ಮುಂಬಯಿಯಲ್ಲಿ, ಹೆಸರು ಬೇಡ. ಕಿಟಕಿಯಿಂದ ಖಾರಘರದ ಗುಡ್ಡ ಕಾಣುತ್ತಿತ್ತು ಅಂದರೆ ಸಾಕು. ಡೊಂಬಿವಿಲಿಯಿಂದ ಠಾಣೆಗೆ ನಿಂತುಕೊಂಡು, ಠಾಣೆಯಲ್ಲಿ ಇಳಿದು ಪನವೇಲ್ ಗಾಡಿಗೆ ಕೂತುಕೊಂಡು ಹೋಗುತ್ತಿದ್ದೆ. ನನ್ನ ಹುದ್ದೆ ಸ್ಟಡಿ ಕೋಆರ್ಡಿನೇಟರ್. ಅಮ್ಮ ಇದನ್ನು ನೆಂಟರಿಗೆಲ್ಲ "ಡಾಕ್ಟರರ ಹತ್ತಿರದವ" ಎಂದು ಅನುವಾದಿಸುತ್ತಿದ್ದಳು. ಹತ್ತಿರ ಹೌದು, ಅವರ ಬೈಗುಳ ಕೇಳಿಸುವಷ್ಟು.

ಕೆಲಸ ಏನೆಂದರೆ: ರಕ್ತದ ಕ್ಯಾನ್ಸರ್ ಬಂದವರ ಕೆಟ್ಟ ಮಜ್ಜೆಯನ್ನು ಔಷಧಿಯಿಂದ ಸುಟ್ಟು, ಅಣ್ಣನಿಂದಲೋ ಅಕ್ಕನಿಂದಲೋ ರಕ್ತ ಹುಟ್ಟಿಸುವ ಕೋಶಗಳನ್ನು ತಂದು ಒಳಗೆ ಬಿಡುತ್ತಾರೆ. ಅವು ನೆಲೆಸಿದರೆ ಹೊಸ ರಕ್ತ. ಆದರೆ ಕೆಲವು ಸಲ ಬಂದವರು ಮನೆಯನ್ನೇ ಪರಕೀಯ ಅಂದುಕೊಂಡು ಚರ್ಮ, ಹೊಟ್ಟೆ, ಲಿವರ್ ಎಲ್ಲದರ ಮೇಲೂ ಏರಿಹೋಗುತ್ತಾರೆ. ಪೇಯಿಂಗ್ ಗೆಸ್ಟ್ ಆಗಿ ಬಂದವನು ಯಜಮಾನನ ಪಾತ್ರೆ-ಪಡಗ ಹೊರಗೆಸೆದ ಹಾಗೆ. ಡಾಕ್ಟರುಗಳು ಇದನ್ನು ಜಿ.ವಿ.ಎಚ್.ಡಿ. ಅನ್ನುತ್ತಾರೆ. ನಾನು ರೋಗಿಗಳಿಗೆ "ಒಳಜಗಳ" ಅನ್ನುತ್ತಿದ್ದೆ. ಈ ಜಗಳ ತಡೆಯಲು ಒಂದು ಹಳೆಯ ಕೀಮೋ ಔಷಧಿಯನ್ನು ಕಸಿಯಾದ ಕೆಲವೇ ದಿನಗಳಲ್ಲಿ ಕೊಡುತ್ತಾರೆ. ಹೊಸಬರಲ್ಲಿ ಮೊದಲು ತೋಳೇರಿಸುವ ಪುಂಡರನ್ನು ಅದು ಉರುಳಿಸುತ್ತದೆ, ಸುಮ್ಮನೆ ಕೂತವರನ್ನು ಬಿಡುತ್ತದೆ. ನಮ್ಮ ಸಂಶೋಧನೆಯ ಪ್ರಶ್ನೆ ಇಷ್ಟೇ: ಆ ಔಷಧಿ ಈಗ ಕೊಡುವಷ್ಟೇ ಬೇಕೋ, ಸ್ವಲ್ಪ ಕಡಿಮೆ ಸಾಕೋ? ಕಡಿಮೆಯಾದರೆ ಹೃದಯಕ್ಕೆ ಹೊಡೆತ ಕಡಿಮೆ. ಒಳಜಗಳ ಹೆಚ್ಚಾದರೆ?

ಉತ್ತರ ಯಾವುದೋ ಹೊಳೆಯುವ ಯಂತ್ರದಿಂದ ಬರುತ್ತದೆ ಅಂದುಕೊಂಡಿದ್ದೆ. ಬರುವುದು ರೋಗಿಯ ಅಂಗೈಯಿಂದ. ಜಗಳ ಬಹಳ ಸಲ ಮೊದಲು ಅಲ್ಲೇ ಕೆಂಪಗೆ ಕಾಣಿಸಿಕೊಳ್ಳುತ್ತದೆ, ಇಲ್ಲವೇ ಅಂಗಾಲಿನಲ್ಲಿ. ಹಾಗಾಗಿ ಡಿಸ್ಚಾರ್ಜ್ ಆದವರಿಗೆ ವಾರಕ್ಕೊಮ್ಮೆ ವಿಡಿಯೊ ಕರೆ ಮಾಡಿ "ಅಂಗೈ ತೋರಿಸಿ, ಅಂಗಾಲು ತೋರಿಸಿ, ನಾಲಿಗೆ ತೋರಿಸಿ" ಎನ್ನುವುದು ನನ್ನ ಕಾಯಕ. ನಾಲಿಗೆ ತೋರಿಸಿ ಅಂದಾಗ ಕೆಲವರು ಅಗತ್ಯಕ್ಕಿಂತ ಹೆಚ್ಚು ಉತ್ಸಾಹದಿಂದ ತೋರಿಸುತ್ತಿದ್ದರು.

ನಮ್ಮ ಮೇಲಿನವರು ಒಬ್ಬ ಹೆಂಗಸು. ಎಲ್ಲರೂ ಮೇಡಂ ಅನ್ನುತ್ತಿದ್ದರು, ನಾನೂ ಹಾಗೇ ಬರೆಯುತ್ತೇನೆ. ಬೆಳಗಾವಿಯಲ್ಲಿ ಬೆಳೆದ ಮರಾಠಿಯವರು. ರೋಗಿಗಳೊಂದಿಗೆ ಮರಾಠಿ, ಡಾಕ್ಟರುಗಳೊಂದಿಗೆ ಇಂಗ್ಲಿಷ್, ಕನ್ನಡವನ್ನು ಮಾತ್ರ ನನ್ನನ್ನು ಬೈಯಲೆಂದು ಜೋಪಾನವಾಗಿ ಇಟ್ಟುಕೊಂಡಿದ್ದರು. ಪ್ರತಿ ವಾಕ್ಯಕ್ಕೂ ಮುಂಚೆ "ಬಘಾ" ಅನ್ನುವರು, ನೋಡು ಅಂತ. ನನಗೆ ಚಿಕ್ಕಂದಿನಿಂದ ಒಂದು ರೋಗ: ಯಾರ ಜೊತೆ ಹತ್ತು ನಿಮಿಷ ಕೂತರೂ ಅವರ ದನಿ ನನ್ನ ಗಂಟಲಿಗೆ ಇಳಿದುಬಿಡುತ್ತದೆ. ಸೇರಿದ ಹೊಸದರಲ್ಲಿ ನರ್ಸುಗಳ ಮೇಜಿನೆದುರು ನಿಂತು ಮೇಡಂ ರೌಂಡ್ಸ್ ಬರುವುದನ್ನು ಮಾಡಿ ತೋರಿಸುತ್ತಿದ್ದೆ: "ಬಘಾ, ಈ ರಿಪೋರ್ಟ್ ಬರೆದಾವಗ ಕೈ ಅದಾವೋ, ಕಾಲಿಲೆ ಬರೆದಾನೋ?" ಬೆರಳಿನಿಂದ ಮೂಗಿನ ಪಕ್ಕ ಉಜ್ಜಿಕೊಂಡೆ. ನರ್ಸುಗಳು ನಗಲಿಲ್ಲ. ನಗದೆ ಇದ್ದ ಕಾರಣ ನನ್ನ ಬೆನ್ನ ಹಿಂದೆಯೇ ನಿಂತಿತ್ತು.

"ಆವಾಜ್ ಬರೋಬ್ಬರಿ ಐತಿ," ಅಂದರು ಮೇಡಂ. "ಆದ್ರ ನಾ ಮೂಗು ಉಜ್ಜಂಗಿಲ್ಲ."

ಮಧ್ಯಾಹ್ನ ಮೀಟಿಂಗಿನಲ್ಲಿ ಯಾವುದೋ ಸ್ಕ್ಯಾನ್ ನೋಡುತ್ತಾ ಅವರ ಬೆರಳು ಮೂಗಿನ ಪಕ್ಕಕ್ಕೆ ಹೋಯಿತು. ಅಲ್ಲೇ ನಿಂತಿತು. ನನ್ನ ಕಡೆ ನೋಡಿದರು. ಎಲ್ಲರೂ ಹೋದ ಮೇಲೆ ಹೇಳಿದರು: "ಬಘಾ, ನೀ ಮಂದೀನ ಛಂದ ನೋಡ್ತಿ. ನೋಡಿದ್ದೇನಂತ ನಿನಗ ತಿಳಿಯಂಗಿಲ್ಲ, ಅದು ಬ್ಯಾರೆ ಮಾತು."

ಅದನ್ನು ಹೊಗಳಿಕೆ ಎಂದುಕೊಂಡು ಕೆಲವು ವರ್ಷ ಸುಖವಾಗಿದ್ದೆ.

ಈ ದನಿಗಳಿಂದ ಉಪಯೋಗವೂ ಇತ್ತು, ಪೆಟ್ಟೂ ಇತ್ತು. ರೋಗಿಗಳಲ್ಲಿ ಡೊಂಬಿವಿಲಿಯ ನಮ್ಮ ಕಡೆಯವರೇ ಒಬ್ಬ ಹೊಟೇಲು ಮಾಲೀಕರಿದ್ದರು. ಹೊಟ್ಟೆ ಹೇಗಿದೆ ಅಂದರೆ ಯಾವಾಗಲೂ "ಫಸ್ಟ್ ಕ್ಲಾಸ್ ಮಾರಾಯ." ಹೊಟ್ಟೆ ಕೆಟ್ಟಿದೆ ಎಂದು ಹೊಟೇಲಿನವನು ಹೇಳಿಕೊಳ್ಳುವುದು ಹೇಗೆ, ಅಡುಗೆಗೆ ಕಳಂಕವಲ್ಲವೇ! ನಾನು ಅವರ ಅಡುಗೆ ಭಟ್ಟರ ದನಿಯಲ್ಲಿ "ಧಣಿ, ಇವತ್ತು ಬೆಳಗಿನಿಂದ ಎಷ್ಟು ಸಲ ಓಡಿದ್ರಿ?" ಅಂದಾಗ ನಗು ತಡೆಯಲಾರದೆ ನಿಜ ಹೇಳಿದರು. ಅಂದಿನಿಂದ "ಆರಾಮಾ?" ಎಂಬ ಪ್ರಶ್ನೆ ಬಿಟ್ಟೆ. ಆಮೇಲೆ ಈ ಕರೆಗಳಿಗೆಲ್ಲ ಒಂದು ಆ್ಯಪ್ ಬಂತು, ಸಾಲಾಗಿ ನಗುವ, ಅಳುವ ಮುಖಗಳು. ಅಳುವ ಮುಖ ಒತ್ತಲು ಯಾರೂ ತಯಾರಿಲ್ಲ. ಇಲ್ಲೇ ಹುಟ್ಟಿದ ಮಕ್ಕಳು ಅಪ್ಪಂದಿರ ಪರವಾಗಿ ತಾವೇ ಒತ್ತಿ, ನಾನು ಕನ್ನಡದಲ್ಲಿ ಕೇಳಿದರೆ "ಸಬ್ ಠೀಕ್ ಹೈ ಅಂಕಲ್" ಅನ್ನುತ್ತಿದ್ದರು. ಅಂಕಲ್ ಅಂದದ್ದಕ್ಕೆ ನಾನು ಅಳುವ ಮುಖ ಒತ್ತಬೇಕಿತ್ತು.

ಪೆಟ್ಟಿನ ಕತೆ ಕಲ್ಯಾಣದ್ದು. ಅಲ್ಲೊಬ್ಬರು ಮರಾಠಿ ಶಾಲೆಯ ಮೇಷ್ಟ್ರು. ಅವರಿಗೆ ನಾನು ಸ್ಟೇಶನ್ನಿನ ಅನೌನ್ಸ್‌ಮೆಂಟಿನ ದನಿಯಲ್ಲೇ ಕರೆ ಮಾಡಬೇಕು: "ಯಾತ್ರಿಗಣ ಕೃಪಯಾ ಧ್ಯಾನ ದೇ, ಅಂಗೈ ಪ್ಲಾಟ್‌ಫಾರ್ಮ್ ಕ್ರಮಾಂಕ ಏಕಕ್ಕೆ ಬರುತ್ತಿದೆ." ಅವರು ಎರಡೂ ಕೈಯೆತ್ತಿ ರೈಲಿನಂತೆ ಪರದೆಯೊಳಗೆ ಸಾಗಿಸಿ ತರುವರು. ಒಂದು ಮಂಗಳವಾರ ಕರೆ ಎತ್ತಿದ ಕೂಡಲೇ ಶುರುಮಾಡಿದೆ. ಚಿತ್ರ ಮೂಡಿದಾಗ ಪರದೆಯಲ್ಲಿ ಅವರ ಮಗಳು. ನನ್ನ ಬಾಯಿ ಅರ್ಧಕ್ಕೆ ನಿಂತಿತು. ಆಕೆ, "ಪಪ್ಪಾ ಗೇಲೇ" ಅಂದಳು. ಹಿಂದಿನ ರಾತ್ರಿ ಹೋಗಿಬಿಟ್ಟಿದ್ದರು. ನಾನು ಕ್ಷಮೆ ಕೇಳಲು ತೊದಲುತ್ತಿದ್ದರೆ ಆಕೆ ತಡೆದಳು: "ನಾಹೀ, ತುಮ್ಹೀ ಪೂರ್ಣ ಕರಾ." ಪೂರ್ತಿ ಮಾಡಿ ಅಂತ. ಮಾಡಿದೆ. ಆ ದನಿಯನ್ನು ಮತ್ತೆ ಮಾಡಿಲ್ಲ. ಕಲ್ಯಾಣದ ಸೇತುವೆಯ ಮೇಲೆ ನಿಂತಾಗ ಸ್ಟೇಶನ್ನು ತಾನೇ ಆ ದನಿ ಮಾಡುತ್ತದೆ, ನಾನು ಸುಮ್ಮನೆ ಕೇಳುತ್ತೇನೆ.

ಇನ್ನು ಮದರಂಗಿ.

ರೇಣುಕಾ ವಿಜಯಪುರದ ಕಡೆಯ ಹೆಣ್ಣು. ಕಲ್ಯಾಣದ ಪಕ್ಕದ ವಿಠ್ಠಲವಾಡಿಯ ವಠಾರದಂಥ ಒಂದು ಚಾಳಿನಲ್ಲಿ ಗಂಡ, ಅಣ್ಣ ಎಲ್ಲ ಒಟ್ಟಿಗಿದ್ದರು. ಅಣ್ಣ ಬಸವರಾಜ ಖಾರಘರದ ಎತ್ತರದ ಕಟ್ಟಡಗಳಿಗೆ ಕಬ್ಬಿಣದ ಸರಳು ಕಟ್ಟುವವನು. ಅವನ ಕೋಶಗಳೇ ಅವಳೊಳಗೆ ಹೋದದ್ದು, ಅರ್ಧ ಹೊಂದಾಣಿಕೆಯವು. ರೇಣುಕಾಳ ನಾಲಿಗೆ ಎಂಥದ್ದೆಂದರೆ, ಕೀಮೋಗೆ ಕೂದಲು ಉದುರಿತೇ ಹೊರತು ಆ ನಾಲಿಗೆಯ ಒಂದು ಎಳೆಯೂ ಅಲ್ಲಾಡಲಿಲ್ಲ. ನನ್ನನ್ನು ಕರೆಯುತ್ತಿದ್ದದ್ದು ಮಿಮಿಕ್ರಿ ಅಂತ. "ಏ ಮಿಮಿಕ್ರಿ, ಎಲ್ಲಾರ ದನಿ ತಗೀತಿ, ನಿಂದು ಯಾವುದೈತಿ? ಒಂದ್ಸಲ ತಗಿ, ಕೇಳೂಣು" ಅಂದಿದ್ದಳು ಒಮ್ಮೆ. ಆ ಪ್ರಶ್ನೆಗೆ ಈಗಲೂ ಉತ್ತರ ಹುಡುಕುತ್ತಿದ್ದೇನೆ.

ಅವಳಿಗೆ ಒಂದೇ ಒಂದು ಆಸೆ. ಅಣ್ಣನ ಮದುವೆಯಲ್ಲಿ ಬಾಗಿಲು ತಡೆಯಬೇಕು. ಅವರಲ್ಲಿ ಹೊಸ ಸೊಸೆ ಮನೆ ಹೊಗುವಾಗ ಮದುಮಗನ ತಂಗಿ ಹೊಸ್ತಿಲಲ್ಲಿ ಅಡ್ಡ ನಿಲ್ಲುತ್ತಾಳೆ. ಗಂಡನ ಹೆಸರು ಹೇಳಿದರೆ ಒಳಗೆ ಬಿಡುತ್ತೇನೆ ಅನ್ನುತ್ತಾಳೆ. ವಾರ್ಡಿನಲ್ಲಿ ಬಾಯೆಲ್ಲ ಹುಣ್ಣಾಗಿ ನೀರೂ ಇಳಿಯದಿದ್ದ ದಿನಗಳಲ್ಲಿ ಅವಳು ಇದನ್ನೇ ಹೇಳುತ್ತಿದ್ದಳು: "ಬಾಗಿಲಾ ತಡಿಯೂತನಕ ನಾ ಸಾಯಂಗಿಲ್ಲ, ಬರ್ಕೋ." ಅಣ್ಣನಿಗೆ ಮೊದಲು ನಿಶ್ಚಯವಾಗಿದ್ದ ಒಂದು ಸಂಬಂಧ ಇವಳ ಕಾಯಿಲೆಯಿಂದಲೇ ಮುರಿದಿತ್ತು. ತಂಗಿಗೆ ಎಲುಬಿನ ರಸ ಕೊಟ್ಟ ಗಂಡಸು ಒಳಗಿಂದ ಪೊಳ್ಳು ಎಂದು ಯಾರೋ ಊದಿದ್ದರು. ಎರಡನೆಯ ಸಂಬಂಧ ಕೂಡಿಬಂದಾಗ ರೇಣುಕಾ ಹೊಸ ಬೀಗರ ಮುಂದೆ ಆಸ್ಪತ್ರೆಯ ಹೆಸರೇ ಎತ್ತದ ಹಾಗೆ ಮನೆಯವರಿಗೆಲ್ಲ ಬಾಯಿ ಕಟ್ಟಿಸಿದ್ದಳು.

ಮದುವೆಯ ಹಿಂದಿನ ದಿನ ನನ್ನ ವಾರದ ಕರೆ. ಪರದೆಯ ತುಂಬ ಮದರಂಗಿ ತುಂಬಿದ ಎರಡು ಅಂಗೈ. ನಾನು ಅತ್ತೆಯ ಪ್ರೀತಿಯ ಮಾತಾಡಿದೆ, ಅವಳು ನಕ್ಕಳು. "ಅಂಗಾಲು?" ಅಂದೆ. "ಮನಿ ತುಂಬ ಬೀಗರು ಕುಂತಾರ, ಗಂಡಸಿನ ಮುಂದ ಕಾಲೆತ್ತಿ ತೋರಿಸ್ಲೇನೋ ಮಿಮಿಕ್ರಿ?" ಅಂದಳು. ಸರಿಯಾದ ಮಾತೇ ಅನ್ನಿಸಿತು. ದದ್ದು ಇಲ್ಲ ಎಂದು ದಾಖಲಿಸಿ, ಚಹಾ ಕುಡಿಯಲು ಹೋದೆ. ಕಸಿಯಾದವರಿಗೆ ನಾವು ಕೊಡುವ ಸೂಚನೆಯಲ್ಲಿ ಗಲ್ಲಿಯ ಕಬ್ಬಿನಹಾಲು ಬೇಡ, ಬೆಕ್ಕು ಬೇಡ, ಜಾತ್ರೆ ಬೇಡ ಎಂದೆಲ್ಲ ಇತ್ತು. ಮದರಂಗಿ ಯಾರ ತಲೆಗೂ ಹೊಳೆದಿರಲಿಲ್ಲ.

ಮರುದಿನ ಬೆಳಿಗ್ಗೆಯ ಮೀಟಿಂಗಿನಲ್ಲಿ ಮೇಡಂ ಒಬ್ಬೊಬ್ಬರದೇ ವಿಷಯ ಕೇಳುತ್ತಾ ಬಂದರು. ರೇಣುಕಾ ಅಂದಾಗ ನನಗೆ ಹುಕಿ. ಎದ್ದು ನಿಂತು ಅವಳನ್ನೇ ಮಾಡಿ ತೋರಿಸಿದೆ: ಎರಡೂ ಅಂಗೈ ಮುಂದೆ ಹಿಡಿದು, "ಮನಿ ತುಂಬ ಬೀಗರು ಕುಂತಾರ," ಅಂಗೈಗೆ ಫೂ ಎಂದು ಊದಿ, "ಕಾಲೆತ್ತಿ ತೋರಿಸ್ಲೇನೋ," ಮತ್ತೆ ಊದಿ, "ಮಿಮಿಕ್ರಿ?"

ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ.

"ಇನ್ನೊಮ್ಮೆ ಮಾಡು."

ಮಾಡಿದೆ. ಈ ಸಲ ನನ್ನ ಕಲೆ ಇನ್ನೂ ಮೇಲೇರಿತ್ತು.

"ಯಾಕ ಊದಿಕೊಂಡಿ?"

"ನಾನಲ್ಲ ಮೇಡಂ, ಅವಳು ಊದಿಕೊಂಡಳು. ಮದರಂಗಿ ಅಲ್ವಾ, ಒಣಗಲಿ ಅಂತ..."

"ಬಣ್ಣ ಏರಿತ್ತೋ, ಹಸಿ ಇತ್ತೋ?"

"ಏರಿತ್ತು. ಕಡು ಕೆಂಪು. ತೊಳೆದಾಗಿತ್ತು."

"ತೊಳೆದ ಮದರಂಗಿ ಯಾರು ಊದ್ತಾರ?"

ನನ್ನ ಎರಡು ಅಂಗೈ ಇನ್ನೂ ಗಾಳಿಯಲ್ಲೇ ಇದ್ದವು. ಉರಿಯುವ ಅಂಗೈಗೆ ಅವಳು ಊದಿಕೊಂಡಿದ್ದಳು. ನನ್ನ ಕಣ್ಣಿಗೆ ಕಾಣದ್ದನ್ನು ನನ್ನ ತುಟಿ ಕದ್ದು ತಂದಿತ್ತು.

ಮೇಡಂ ದನಿ ಏರಿಸಲಿಲ್ಲ. "ಬಘಾ. ನೀ ಬರೆದ 'ಇಲ್ಲ' ಇಲ್ಲೇ ಕುಂದ್ರಂಗಿಲ್ಲ. ನಾಳೆ ಎಲ್ಲಿಯೋ ಒಬ್ಬ ಡಾಕ್ಟರ್ ಅದನ್ನ ನಂಬಿ ಔಷಧಿ ಎಷ್ಟು ಕೊಡ್ಬೇಕಂತ ಲೆಕ್ಕಾ ಹಾಕ್ತಾನ. ಅವನ ಮುಂದ ಇನ್ನೊಬ್ಬಾಕಿ ರೇಣುಕಾ ಕೂತಿರ್ತಾಳ." ಆಮೇಲೆ, "ಹೋಗು. ಕರ್ಕೊಂಡು ಬಾ."

ಫೋನಿಗೆ ಅವಳು ಸಿಗಲಿಲ್ಲ. ವಿಠ್ಠಲವಾಡಿಗೆ ಹೊರಟ ನಾನು ಠಾಣೆಯಲ್ಲಿ ಗಾಡಿ ಬದಲಿಸುವಾಗ ಕೊನೆಗೆ ಎತ್ತಿದಳು. ನಾನು ಬರುತ್ತೇನೆ ಅಂದರೆ ಬೇಡ ಅನ್ನುತ್ತಾಳೆಂದು ಗೊತ್ತಿತ್ತು. ಮೇಡಂ ದನಿ ತೆಗೆದೆ. "ಬಘಾ ರೇಣುಕಾ, ಆಹೇಸ್ ತಶೀ ನಿಘೂನ್ ಯೇ." ಇದ್ದ ಹಾಗೆ ಹೊರಟು ಬಾ ಅಂತ. ಆ ಕಡೆಯಿಂದ: "ಮೇಡಂ ನನಗ ಹೆಸರು ಹಿಡಿದು ಕರಿಯಂಗಿಲ್ಲೋ ಮಿಮಿಕ್ರಿ. ಬಾಳಾ ಅಂತಾರ." ಮಗೂ ಅಂತ. ಆ ಮಾತನ್ನು ಮೇಡಂ ಯಾವಾಗ ಅಂದಿದ್ದರೋ, ನನ್ನ ಮುಂದೆ ಅಂದಿರಲಿಲ್ಲ. ಫೋನು ಕಟ್ಟಾಯಿತು. ಹೊಸಬರೇ, ಇದೊಂದನ್ನು ಕಲಿಯಬೇಡಿ. ಡಾಕ್ಟರರ ದನಿ ಡಾಕ್ಟರರದ್ದೇ.

ವಿಠ್ಠಲವಾಡಿಯಲ್ಲಿ ಚಾಳಿನ ಮುಂದಿನ ಗಲ್ಲಿಗೆ ಶಾಮಿಯಾನ ಹಾಕಿದ್ದರು. ವಧುವಿನ ಸೋದರಮಾವ ನಡುಮಧ್ಯ ಕುರ್ಚಿ ಹಾಕಿ ಕೂತಿದ್ದ. ಕಲ್ಯಾಣದ ಮಾರ್ಕೆಟ್ಟಿನಲ್ಲಿ ಹಮಾಲರ ಮುಕಾದಮ, ಅಂದರೆ ಮೇಸ್ತ್ರಿ, ದನಿ ಎರಡು ಪ್ಲಾಟ್‌ಫಾರ್ಮ್ ದಾಟುವಂಥದ್ದು. ನಾನು ಮದುಮಗನ ಗೆಳೆಯನೆಂದು ಹೇಳಿ ಒಳಕೋಣೆಗೆ ನುಗ್ಗಿದೆ. ರೇಣುಕಾ ಮಾಸ್ಕ್ ಕಟ್ಟಿಕೊಂಡು ಮೂಲೆಯಲ್ಲಿ ಕೂತಿದ್ದಳು, ಪಕ್ಕದಲ್ಲಿ ಗಂಡ. ನನ್ನನ್ನು ನೋಡಿ ಅವಳು ಬೈಯಲಿಲ್ಲ. ಬೈದಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಗಂಡನೇ ಅವಳ ಕಾಲನ್ನು ಮೆಲ್ಲಗೆ ಎತ್ತಿ ತೋರಿಸಿದ. ಅಂಗಾಲಿಗೆ ಮದರಂಗಿ ಇರಲಿಲ್ಲ. ಅಲ್ಲಿದ್ದ ಕೆಂಪಿಗೆ ಯಾವ ಅತ್ತೆಯ ಪ್ರೀತಿಯೂ ಕಾರಣವಾಗಿರಲಿಲ್ಲ.

"ಎಷ್ಟು ದಿನದಿಂದ?"

"ಮದರಂಗಿ ಹಚ್ಕೊಂಡಿದ್ದಽ ಇದನ್ನ ಮುಚ್ಚಾಕ," ಅಂದಳು.

ಮೇಡಂಗೆ ಫೋನು ಹಚ್ಚಿದೆ. ಜ್ವರ? ಭೇದಿ? ಕಣ್ಣು ಹಳದಿ? ಯಾವುದೂ ಇಲ್ಲ ಎಂದು ಖಾತ್ರಿಯಾದ ಮೇಲೆ ಅವರು ಹೇಳಿದ್ದಿಷ್ಟು: ಅಕ್ಷತೆ ಬೀಳಲಿ. ಆಮೇಲೆ ಊಟಕ್ಕೂ ನಿಲ್ಲಬಾರದು. ಸಂಜೆಯತನಕ, ಬಾಗಿಲು ತಡೆಯುವ ತನಕ, ಸಾಧ್ಯವೇ ಇಲ್ಲ.

"ನಾ ಒಲ್ಲೆ," ಅಂದಳು ರೇಣುಕಾ. "ಹೊಸ್ತಲದಾಗ ನಾ ಇರಲಿಲ್ಲಂದ್ರ ಬೀಗರು ಕೇಳ್ತಾರ. ಕೇಳಿದ್ರ ಗೊತ್ತಾಕ್ಕೈತಿ. ಗೊತ್ತಾದ್ರ ಇದೂ ಮುರೀತೈತಿ."

ಅಷ್ಟರಲ್ಲಿ ಬಾಸಿಂಗ ಕಟ್ಟಿಕೊಂಡ ಬಸವರಾಜ ಒಳಗೆ ಬಂದ. ಅಂಗಾಲು ನೋಡಿದ. ಮಾತು ಕಡಿಮೆಯ ಮನುಷ್ಯ, ಸರಳು ಕಟ್ಟುವವರು ಬಾಯಲ್ಲಿ ತಂತಿ ಕಚ್ಚಿಕೊಂಡೇ ಬದುಕುತ್ತಾರೆ. "ಬಾಗಿಲಾ ತಡೀಲಿ ಅಂತ ರಕ್ತಾ ಕೊಟ್ಟಿಲ್ಲ ನಾ," ಅಂದ. "ನೀ ಇರ್ಲಿ ಅಂತ ಕೊಟ್ಟೀನಿ. ಅಕ್ಕಿಕಾಳು ಬಿದ್ದ ಕೂಡ್ಲೇ ನಡಿ."

ಅವಳು ತಲೆ ತಗ್ಗಿಸಿದಳು. ಅದನ್ನು ನಾನು ಹೂಂ ಎಂದು ಓದಿದೆ.

ಅಕ್ಷತೆ ಬಿತ್ತು. ಜನರ ಕಣ್ಣು ತಪ್ಪಿಸಿ ಅವಳನ್ನು ರಿಕ್ಷಾ ಹತ್ತಿಸಬೇಕು. ಆ ಕೆಲಸಕ್ಕೆ ನನ್ನಲ್ಲಿದ್ದದ್ದು ಒಂದೇ ಆಯುಧ. ಮೈಕು ಕಸಿದುಕೊಂಡು ಶುರುಮಾಡಿದೆ. ಡೊಂಬಿವಿಲಿಯಲ್ಲಿ ಲೋಕಲ್ ಹತ್ತಲಾಗದವನ ಗೋಳು, ಸೊಸೈಟಿಯ ಸೆಕ್ರೆಟರಿ, ಉಡುಪಿ ಹೊಟೇಲಿನ ಮಾಣಿ. ಶಾಮಿಯಾನ ನಗುತ್ತಿತ್ತು. ಹಿಂದಿನ ಗಲ್ಲಿಯಲ್ಲಿ ರೇಣುಕಾ ಗಂಡನ ಭುಜ ಹಿಡಿದು ಹೆಜ್ಜೆಯಿಡುತ್ತಿದ್ದುದು ನನಗೆ ಮಾತ್ರ ಕಾಣುತ್ತಿತ್ತು. ಅಲ್ಲಿಗೇ ನಿಲ್ಲಿಸಿದ್ದರೆ ನಾನು ಬುದ್ಧಿವಂತ. ಚಪ್ಪಾಳೆ ತಲೆಗೇರಿತು, ಸೋದರಮಾವನ ದನಿಯನ್ನೇ ತೆಗೆದೆ. ಎಲ್ಲರೂ ಬಿದ್ದು ನಕ್ಕರು. ತನ್ನದೇ ದನಿ ಕೇಳಿ ನಗದವನು ಲೋಕದಲ್ಲಿ ಒಬ್ಬನೇ, ಅದರ ಒಡೆಯ. ಅವನು ಮುಖ ಕಿವುಚಿ ಆ ಕಡೆಗೆ ತಿರುಗಿದ. ತಿರುಗಿದ ಕಡೆಯಲ್ಲೇ ರಿಕ್ಷಾ ನಿಂತಿತ್ತು.

ಮುಂದಿನದ್ದನ್ನು ಹೇಳುವ ಮೊದಲು ಒಂದು ಮಾತು, ನೀವು ರೇಣುಕಾಳ ಚಿಂತೆಯಲ್ಲಿ ಓದಬೇಡಿ. ಸ್ಟಿರಾಯ್ಡ್ ಶುರುವಾಯಿತು, ಒಳಜಗಳ ಇಳಿಯಿತು. ಅಂಗೈಯ ಚರ್ಮ ಮದರಂಗಿ ಸಮೇತ ಸುಲಿದು ಹೋಗಿ ಎಳೆಗೂಸಿನ ಹಾಗೆ ಹೊಸದು ಬಂತು. ನಾನು ಬರೆದ 'ಇಲ್ಲ'ದ ಮೇಲೆ ಗೆರೆ ಎಳೆದು, ಕಾರಣ ಬರೆದು, ಸಹಿ ಹಾಕಿದೆ. ನಮ್ಮ ಸೂಚನೆಗಳಲ್ಲಿ ಬೆಕ್ಕಿನ ಕೆಳಗೆ ಮದರಂಗಿಯೂ ಸೇರಿತು. ಅಂಗಾಲು ನೋಡದೆ ಕರೆ ಮುಗಿಸಬಾರದು, ಹೆಂಗಸರ ಬಳಿ ಹೆಂಗಸರೇ ಕೇಳಬೇಕು ಎಂಬ ನಿಯಮ ಬಂತು. ಕಡಿಮೆ ಔಷಧಿ ಸಾಕೇ ಎಂಬ ಪ್ರಶ್ನೆಗೆ ಉತ್ತರ ದೊಡ್ಡವರು ಬರೆಯುತ್ತಿದ್ದಾರೆ. ಒಬ್ಬಳ ಕತೆಯಿಂದ ಅದು ಗೊತ್ತಾಗುವುದಿಲ್ಲ. ಎಲ್ಲರ ಅಂಗೈಗಳನ್ನೂ ಸಾಲಾಗಿ ಇಟ್ಟು ನೋಡಬೇಕು. ಆ ಸಾಲಿನಲ್ಲಿ ಮೇಷ್ಟ್ರದ್ದೂ ಇದೆ.

ಮೇಡಂ ಬೆಳಗಾವಿಗೆ ಹೋದರು. ನಮ್ಮ ಸಂಶೋಧನೆಯ ಕೋಣೆಯಲ್ಲಿ ಈ ವರ್ಷ ಬೇರೆ ಯಾವುದೋ ವಿಭಾಗ ಇದೆಯಂತೆ. ರೇಣುಕಾ ಹಬ್ಬಕ್ಕೊಮ್ಮೆ ಎರಡು ಅಂಗೈಗಳ ಚಿತ್ರ ಕಳಿಸುತ್ತಾಳೆ, ಮಾತಿಲ್ಲ, ಬರೀ ಅಂಗೈ. ಕೆಲವು ಮಂಗಳವಾರ ಅಪ್ಪನಿಗೆ ಸಾಮಾನು ತರುವ ನೆಪ ಹೇಳಿ ಠಾಣೆಯಲ್ಲಿ ಇಳಿದು, ಪನವೇಲ್ ಗಾಡಿಯಲ್ಲಿ ಸುಮ್ಮನೆ ಖಾರಘರದವರೆಗೆ ಹೋಗಿ ಬರುತ್ತೇನೆ. ಆ ಗುಡ್ಡ ಕಂಡಾಗ ಗಂಟಲಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಲು ಶುರುಮಾಡುತ್ತಾರೆ. ಇಳಿಯಲು ಕಾರಣವಿಲ್ಲ. ಹೊಸಬರೇ, ನಿಮಗೆ ಇಳಿಯಲು ಕಾರಣವಿದೆ, ಅಷ್ಟೇ ನನ್ನ ಹೊಟ್ಟೆಕಿಚ್ಚು.

ಆ ಸಂಜೆಗೆ ಬರುತ್ತೇನೆ. ಅಷ್ಟು ಹೊತ್ತಿಗೆ ರೇಣುಕಾ ನಮ್ಮ ವಾರ್ಡಿನಲ್ಲಿದ್ದಳು, ನಾನೂ ಅಲ್ಲೇ ಇದ್ದೆ. ಚಾಳಿನ ಹೊಸ್ತಿಲಲ್ಲಿ ತಡೆಯುವವರು ಯಾರೂ ಇಲ್ಲದ್ದನ್ನು ಕಂಡು ಸೋದರಮಾವ ರಿಕ್ಷಾದ ಮಾತೆತ್ತಿದ. ಬಸವರಾಜ ಬಚ್ಚಿಡಲಿಲ್ಲ, ಕೋಶ ಕೊಟ್ಟದ್ದು, ಅವು ಜಗಳಕ್ಕೆ ನಿಂತದ್ದು, ಎಲ್ಲ ಹೇಳಿಬಿಟ್ಟ. ವಧುವಿನ ಹೆಸರು ಭಾಗ್ಯ. ಅಲ್ಲಿಯತನಕ ಅವಳ ದನಿಯನ್ನು ಯಾರೂ ಕೇಳಿರಲಿಲ್ಲ. "ನಾದ್ನಿ ತಡೀದ ಮನಿ ನಾ ಹೊಗಂಗಿಲ್ಲ, ಆಕಿ ಇದ್ದಲ್ಲಿಗೆ ನಡೀರಿ" ಅಂದಳಂತೆ. ಹಾಗೆ ಮದುಮಕ್ಕಳು ಅರಿಶಿನದ ಬಟ್ಟೆಯಲ್ಲೇ ಲೋಕಲ್ ಹತ್ತಿ, ಠಾಣೆಯಲ್ಲಿ ಬದಲಿಸಿ, ನಮ್ಮ ವಾರ್ಡಿನ ಗಾಜಿನ ಬಾಗಿಲಿಗೆ ಬಂದು ನಿಂತರು. ಹಿಂದೆಯೇ ಸೋದರಮಾವ.

ಒಳಗೆ ಬಿಡುವಂತಿಲ್ಲ. ಗಾಜಿನ ಆಚೆಯಿಂದ ನೋಡಿಕೊಂಡು ಹೋಗಲಿ ಎಂದು ಮೇಡಂ ಒಪ್ಪಿದರು. ರೇಣುಕಾ ಸಲೈನಿನ ಕಂಬ ಹಿಡಿದು ಬಾಗಿಲ ಒಳಗಡೆ ಬಂದು ನಿಂತಳು. ಗಾಜು ದಪ್ಪ, ಅವಳ ದನಿ ಹೊರಗೆ ಬರುವುದಿಲ್ಲ. ಮೇಡಂ ನನ್ನ ಕಡೆ ನೋಡಿದರು. "ಬಘಾ, ಈಗ ಮಾಡು." ನಾನು ಅವಳ ಕೈಸನ್ನೆ ನೋಡಿ ಅವಳ ದನಿಯನ್ನು ಹೊರಗಿಟ್ಟೆ: "ಏ ವೈನಿ, ಗಂಡನ ಹೆಸರು ಹೇಳು, ಇಲ್ಲಾಂದ್ರ ಬಾಗಿಲಾ ಬಿಡಂಗಿಲ್ಲ!" ಭಾಗ್ಯ ನನ್ನನ್ನು ನೋಡಲೇ ಇಲ್ಲ, ಗಾಜಿನಾಚೆಯ ಕಣ್ಣನ್ನೇ ನೋಡಿದಳು. ನನ್ನ ಜೀವಮಾನದ ಅತ್ಯುತ್ತಮ ಮಿಮಿಕ್ರಿ ಅದೇ, ಯಾರೂ ನನ್ನನ್ನು ನೋಡದೆ ಇದ್ದದ್ದು.

ಭಾಗ್ಯ ಬಾಯಿ ತೆರೆಯುವುದರೊಳಗೆ ಸೋದರಮಾವ ನಡುವೆ ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತ. "ಹೆಸರು ಹೇಳಬ್ಯಾಡ. ಒಡಹುಟ್ಟಿದ ತಂಗೀಗೇ ಹೊಂದಲಿಲ್ಲ ಇವನ ರಕ್ತ. ನಿನಗೇನು ಹೊಂದತಾನ? ನಡಿ ಮನಿಗೆ."

ಬಸವರಾಜ ನೆಲ ನೋಡುತ್ತಿದ್ದ. ಒಳಗೆ ರೇಣುಕಾಳ ಕೈ ಕಂಬದ ಮೇಲೆ ಬಿಗಿಯಾಯಿತು. ಅವಳಿಗೆ ಮಾತು ಕೇಳಿಸಿರಲಿಲ್ಲ, ಬೆನ್ನು ಕಾಣಿಸಿತ್ತು. ಅವಳ ಪರವಾಗಿ ಏನಾದರೂ ಹೇಳಬೇಕೆಂದು ನಾನು ಬಾಯಿ ತೆರೆದೆ. ಎಷ್ಟೊಂದು ದನಿಗಳಿದ್ದ ಗಂಟಲಲ್ಲಿ ಒಂದೂ ಸಿಗಲಿಲ್ಲ.

ಭಾಗ್ಯ ಸೆರಗು ತಲೆಯ ಮೇಲೆ ಎಳೆದುಕೊಂಡಳು.

"ಹೊಂದದಿದ್ರೂ, ದಿನಾ ಜಗಳಾಡಿದ್ರೂ, ತಂಗಿ ಮೈಬಿಟ್ಟು ಓಡಿ ಬಂದಿಲ್ಲ ನೋಡು ಈ ಬಸವರಾಜರ ರಕ್ತ, ನನಗ ಅಂಥಾವನಽ ಬೇಕಾಗಿತ್ತು. ಹೆಸರು ಹೇಳಿದ್ದಾತು. ಬಾಗಿಲಾ ತಡಿಯೂದು ನಾದ್ನಿ ಕೆಲಸ, ಮಾಮಾ, ನೀ ಬಾಜೂ ಸರಿ."